ಖುರ್ಚಿ ಕಚೇರಿದು, ಕಾಗದ ಜಮೀನಿಂದು

ನಮ್ಮ ಮನೆಗೂ ಪಕ್ಕದ ಕಾಕಾರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಗೋಡೆ ಅವರದು, ಅದರ ಮೇಲೆ ಒಣಗುವ ಹಪ್ಪಳ-ಸಂಡಿಗೆ ನಮ್ಮದು. ಕರಿಬೇವಿನ ಬುಡ ಅವರ ಹಿತ್ತಲಲ್ಲಿ, ಟೊಂಗೆಯೆಲ್ಲ ನಮ್ಮ ಹಿತ್ತಲಲ್ಲಿ. ರಾಯಬಾಗದಿಂದ ಚಿಕ್ಕೋಡಿಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಈ ಗೋಡೆಗೆ ಮೊಣಕೈ ಊರಿ ನಾವು ಆಡಿದ ಮಾತನ್ನೆಲ್ಲ ತಕ್ಕಡಿಗೆ ಹಾಕಿದರೆ ಗೋಡೆಯೇ ಹಗುರ ಬಿದ್ದೀತು.

ಕಾಕಾ ರಿಟಾಯರ್ಡ್ ತಲಾಠಿ. ಸರ್ಕಾರ ಆ ಹುದ್ದೆಯನ್ನು ಗ್ರಾಮ ಲೆಕ್ಕಾಧಿಕಾರಿ ಅಂದಿತು, ಆಮೇಲೆ ಗ್ರಾಮ ಆಡಳಿತಾಧಿಕಾರಿ ಅಂದಿತು. ನಮ್ಮ ಕಡೆಯ ಮಂದಿ ಮಾತ್ರ ಇವತ್ತಿಗೂ ತಲಾಠಿ ಅಂತಲೇ ಅನ್ನುತ್ತಾರೆ, ಪಹಣಿಗೆ ಉತಾರ ಅನ್ನುವ ಹಾಗೆ. ಅಥಣಿ, ರಾಯಬಾಗ, ಚಿಕ್ಕೋಡಿ ಅಂತ ಅವರ ಸರ್ವಿಸ್ಸೆಲ್ಲ ಕೃಷ್ಣೆಯ ಆಚೆ ಈಚೆಯಲ್ಲೇ ಕಳೆಯಿತು. ನನ್ನ ಕೆಲಸ ಅಂದರೆ ಅಂಗಡಿಕಾರರಿಗೆ ವೆಬ್‌ಸೈಟ್ ಕಟ್ಟಿಕೊಡುವುದು. ನಿಪ್ಪಾಣಿಯ ಒಂದು ಬಟ್ಟೆ ಅಂಗಡಿ, ಕಾಗವಾಡ ಕಡೆಯ ಒಂದು ಬೆಲ್ಲದ ಗಾಣ, ಅಥಣಿಯ ಒಂದು ಚಪ್ಪಲಿ ಅಂಗಡಿ, ಹೀಗೆ ಏಳೆಂಟು ಗಿರಾಕಿಗಳು. ಅತ್ತೆಯವರ ಪ್ರಕಾರ ಇದು 'ಟಕಟಕ ಕೆಲಸ'. ಕಾಕಾರ ಪ್ರಕಾರ 'ಕಾಗದ ಇಲ್ಲದ ಕಚೇರಿ'.

ಮೊನ್ನೆ ಬಸವ ಜಯಂತಿಗೆ ಎರಡು ದಿನ ಇದೆ ಅನ್ನುವಾಗ ಅಥಣಿಯಿಂದ ಫೋನು. "ಏನ್ರಿ ಅಕ್ಕಾರ, ನಮ್ಮ ಅಂಗಡಿ ಬೋರ್ಡ್ ಎಲ್ಲಿ ಹೋತ್ರಿ?" ತೆಗೆದು ನೋಡಿದರೆ ನಿಜ. ಮೇಲಿನ ಹೆಸರಿನ ಪಟ್ಟಿಯಿಲ್ಲ, ನಾನು ಕೂಡಿಸಿದ ಕೆಂಗಂದು ಬಣ್ಣವಿಲ್ಲ, ಕನ್ನಡ ಅಕ್ಷರಗಳು ಒಂದರ ತಲೆಯ ಮೇಲೆ ಇನ್ನೊಂದು ಕಾಲಿಟ್ಟು ನಿಂತಿವೆ. ಎಂಟು ತಿಂಗಳ ತಿದ್ದುಪಡಿ ಒಂದೇ ರಾತ್ರಿಗೆ ಸಾಫ್.

ಸಂಜೆ ಕರಿಬೇವು ಕೀಳುವ ನೆಪದಲ್ಲಿ ಗೋಡೆಗೆ ಬಂದೆ. ಕಾಕಾ ಆಗಲೇ ಅಲ್ಲಿದ್ದರು.

"ಯಾಕ ಬೇ ಯವ್ವಾ, ಮಾರಿ ಯಾಕ ಇಷ್ಟ ಸಣ್ಣಗೈತಿ?"

"ಕಾಕಾ, ತಪ್ಪು ನಂದ ಐತ್ರಿ. ಮತ್ತೊಬ್ಬರ ಮನಿ ಗ್ವಾಡಿಗೆ ನಾ ಸುಣ್ಣಾ ಹಚ್ಚಿದ್ದೆ. ಮನಿ ಮಾಲಕ ಬಂದು ತನ್ನ ಬಣ್ಣಾ ಹಚ್ಚಿ ಹೋದ."

ಬಿಡಿಸಿ ಹೇಳಬೇಕಾಯಿತು. ಈ ಅಂಗಡಿಗಳೆಲ್ಲ ನಿಂತಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ. ಅದಕ್ಕೆ ಮುಖ ಕೊಡುವುದು ಥೀಮು. ಥೀಮನ್ನು ಎಲ್ಲೋ ಕೂತ ಯಾರೋ ಮಾಡಿರುತ್ತಾರೆ, ಆಗಾಗ ರಿಪೇರಿ ಮಾಡಿ ಹೊಸ ಆವೃತ್ತಿ ಕಳಿಸುತ್ತಾರೆ. ಹೊಸದು ಬಂದಾಗ ಹಳೆಯ ಫೋಲ್ಡರನ್ನು ತೆಗೆದು ಹೊಸ ಫೋಲ್ಡರನ್ನೇ ಇಡುತ್ತದೆ. ಒಳಗೆ ನಾವು ಏನು ಗೀಚಿದ್ದೇವೆ ಎಂದು ಕೇಳುವ ಪದ್ಧತಿ ಅದಕ್ಕಿಲ್ಲ. 2020ರಲ್ಲಿ ಬಂದ 5.5ನೇ ಆವೃತ್ತಿಯಿಂದ ಥೀಮು ತಾನಾಗಿಯೇ ಅಪ್‌ಡೇಟ್ ಆಗುವಂತೆ ಒಂದು ಕ್ಲಿಕ್ಕಿನಲ್ಲಿ ಬಿಡಬಹುದು. ಆ ಕ್ಲಿಕ್ ಮಾಡಿದವಳೂ ನಾನೇ, ಥೀಮಿನ ಮೂಲ ಫೈಲಿನಲ್ಲೇ ಕೈಯಾಡಿಸಿದವಳೂ ನಾನೇ. ಬರುವ ದಾರಿಯನ್ನೂ ನಾನೇ ತೆರೆದಿಟ್ಟು, ಬರುವವನ ದಾರಿಯಲ್ಲೇ ರಂಗೋಲಿ ಹಾಕಿದ್ದೆ.

"ಹಂಗಿದ್ರ ಇದಕ್ಕ ರಸ್ತಾ ಇಲ್ಲೇನು?"

"ಐತ್ರಿ. ಚೈಲ್ಡ್ ಥೀಮ್ ಅಂತ ಮಾಡಬೇಕ್ರಿ. ತಾಯಿ ಥೀಮನ್ನ ಮುಟ್ಟಬಾರದು. ಮಗ್ಗಲದಾಗ ಒಂದು ಮರಿ ಥೀಮ್ ಮಾಡಿ, ನಮ್ಮ ತಿದ್ದುಪಡಿ ಎಲ್ಲಾ ಅದರಾಗ ಇಡೂದು. ತಾಯಿ ಎಷ್ಟ ಬದಲಾದ್ರೂ ಮರಿಗೆ ಧಕ್ಕಿ ಇಲ್ರಿ."

ಕಾಕಾ ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಅವರು ಚಷ್ಮಾ ಒರೆಸಿದರೆಂದರೆ ವಿಷಯ ದಫ್ತರಕ್ಕೆ ಏರಿತೆಂದೇ ಅರ್ಥ.

"ಇದು ಹಿಸ್ಸಾ ಅಲ್ಲೇನ ಬೇ? ಸರ್ವೆ ನಂಬರ ಮೂಲದ್ದ ಇರ್ತೈತಿ, ಅದರ ಮುಂದ ಒಂದು ಗೆರಿ ಎಳದು ಹಿಸ್ಸಾ ನಂಬರ ಹಾಕ್ತೀವಿ."

ಹೌದಲ್ಲ! ಮರಿ ಥೀಮಿಗೆ ಜನ್ಮ ಕೊಡಲು ಬೇಕಾಗುವುದು ಒಂದು ಫೋಲ್ಡರ್, ಅದರೊಳಗೆ 'ಸ್ಟೈಲ್ ಡಾಟ್ ಸಿಎಸ್‌ಎಸ್' ಎಂಬ ಒಂದು ಫೈಲು. ಫೈಲಿನ ತಲೆಯಲ್ಲಿ ಎರಡು ಸಾಲು ಖಾಯಂ. ಒಂದು, ಮರಿಯ ಹೆಸರು. ಇನ್ನೊಂದು, 'ಟೆಂಪ್ಲೇಟ್' ಎಂದು ಬರೆದು ಮುಂದೆ ತಾಯಿ ಥೀಮಿನ ಫೋಲ್ಡರ್ ಹೆಸರು. ಗಮನಿಸಬೇಕು, ತಾಯಿಯ ಅಂದಚಂದದ ಹೆಸರಲ್ಲ, ಫೋಲ್ಡರಿನ ಹೆಸರು. ಅದರಲ್ಲಿ ಒಂದಕ್ಷರ ತಪ್ಪಿದರೂ 'ಇದರ ತಾಯಿ ಥೀಮ್ ಇಲ್ಲ' ಎಂದು ವರ್ಡ್‌ಪ್ರೆಸ್ ಬಾಗಿಲು ಹಾಕಿಕೊಳ್ಳುತ್ತದೆ. ತಪ್ಪು ಸರ್ವೆ ನಂಬರಿನ ಹಿಸ್ಸಾಕ್ಕೆ ಸಾಲ ಯಾರು ಕೊಟ್ಟಾರು?

"ಮತ್ತ ಮರಿ ಫೋಲ್ಡರದಾಗ ಇಲ್ಲದ್ದನ್ನ ಕೇಳಿದ್ರ?" ಅಂದರು ಕಾಕಾ.

"ತಾಯಿ ಕಡೆ ಹೋಗ್ತೈತ್ರಿ. ಮೊದಲ ಮರಿ ಫೋಲ್ಡರ ಹುಡುಕ್ತೈತಿ. ಅಲ್ಲಿ ಫೈಲ್ ಸಿಕ್ರ ಅದನ್ನ ತಗೋತೈತಿ. ಸಿಗಲಿಲ್ಲಂದ್ರ ತಾಯಿ ಫೋಲ್ಡರದ್ದು."

"ಕಾಗವಾಡ!" ಅಂತ ಗೋಡೆ ಗುದ್ದಿದರು. ಎರಡು ಹಪ್ಪಳ ಬಿದ್ದವು.

2018ರಲ್ಲಿ ಹೊಸ ತಾಲೂಕುಗಳಾದಾಗ ನಮ್ಮಲ್ಲಿ ಎರಡು ಮರಿ ಹುಟ್ಟಿದವು. ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ. ಹೊಸದರಲ್ಲಿ ಕಾಗವಾಡದ ಮಂದಿ ಒಂದು ಕೆಲಸಕ್ಕೆ ತಮ್ಮ ಊರಿನ ಕಚೇರಿಗೆ ಹೋಗುವುದು, ಆ ಇಲಾಖೆ ಇನ್ನೂ ಇಲ್ಲಿಗೆ ಬಂದಿಲ್ಲ ಎಂದರೆ ಸುಮ್ಮನೆ ಅಥಣಿ ಬಸ್ ಹತ್ತುವುದು. ಇದ್ದರೆ ಮರಿಯಲ್ಲಿ, ಇಲ್ಲದಿದ್ದರೆ ತಾಯಿಯಲ್ಲಿ. ವರ್ಡ್‌ಪ್ರೆಸ್ಸಿಗೆ ಈ ನಿಯಮ 2008ರ 2.7ನೇ ಆವೃತ್ತಿಯ ಹೊತ್ತಿಗೇ ಬಂದಿತ್ತು. ಕಾಗವಾಡ ಕಡೆಯ ಉಗಾರ-ಶೇಡಬಾಳದ ಮಂದಿಗೆ ಅರ್ಥ ಮಾಡಿಸಲು ಉದಾಹರಣೆ ಹುಡುಕುವ ಕಷ್ಟವೇ ಇಲ್ಲ.

"ನಮ್ಮ ಚಿಕ್ಕೋಡಿನ ನೋಡು," ಅಂತ ಕಾಕಾ ದಾರಿ ತಪ್ಪಿದರು. ಅವರ ದಾರಿ ತಪ್ಪುವ ಜಾಗವೂ ಇದೇ, ಯಾವಾಗಲೂ. "ಎಸ್ಸೆಸ್ಸೆಲ್ಸಿ ರಿಜಲ್ಟ್ ಬಂದ್ರ ನಾವು ಬ್ಯಾರೆ ಜಿಲ್ಲಾ. ಎಂಪಿ ಇಲೆಕ್ಷನ್ ಬಂದ್ರ ನಾವು ಬ್ಯಾರೆ ಕ್ಷೇತ್ರ. ಗಾಡಿ ನಂಬರ ಬ್ಯಾರೆ, ಕೆಎ 23. ಖರೇ ಜಿಲ್ಲಾ ಕೇಳಿದ್ರ ಮಾತ್ರ ಬೆಳಗಾವಿ. ಜೆ.ಎಚ್. ಪಟೇಲರ ಕಾಲಕ್ಕ, 1997ರಾಗ, ಜಿಲ್ಲಾ ಮಾಡೇವಿ ಅಂದ್ರು, ಮತ್ತ ಹಿಂದಕ್ಕ ತಗೊಂಡ್ರು."

"ಅದಕ್ಕ ನಮ್ಮಲ್ಲಿ ಪ್ರಿವ್ಯೂ ಅಂತಾರ್ರಿ ಕಾಕಾ. ನೋಡಾಕ ಕಾಣತೈತಿ, ಆಕ್ಟಿವೇಟ್ ಆಗಿರೂದಿಲ್ಲ."

ಅಂತೂ ಮರಿ ಥೀಮು ಮಾಡಿದೆ. ಆಕ್ಟಿವೇಟ್ ಒತ್ತಿದ ಮರುಗಳಿಗೆ ಅಂಗಡಿಯ ಲೋಗೋ ಮಾಯ, ಬಣ್ಣ ಮಾಯ. ಎದೆ ಧಸಕ್ ಅಂದಿತು. ಆಮೇಲೆ ನೆನಪಾಯಿತು. ಥೀಮಿನ ಸೆಟ್ಟಿಂಗ್ ಪುಟದಲ್ಲಿ ಒತ್ತಿ ಆರಿಸಿದ ಲೋಗೋ, ಬಣ್ಣ ಇಂಥವು ಡೇಟಾಬೇಸಿನಲ್ಲಿ ಆಯಾ ಥೀಮಿನ ಹೆಸರಿನ ಖಾತೆಯಲ್ಲೇ ಜಮಾ ಇರುತ್ತವೆ. ಮರಿಯ ಹೆಸರು ಬೇರೆ, ಆದ್ದರಿಂದ ಖಾತೆಯೂ ಬೇರೆ, ಖಾತೆಯಲ್ಲಿ ಶಿಲ್ಕು ಸೊನ್ನೆ. ಕಳೆದಿರುವುದಿಲ್ಲ, ತಾಯಿಯ ಖಾತೆಯಲ್ಲಿ ಭದ್ರವಾಗಿರುತ್ತದೆ. ಇಲ್ಲಿ ಮತ್ತೊಮ್ಮೆ ತುಂಬಬೇಕು, ಅಷ್ಟೇ. ಅಪ್ಪನ ಪಾಸ್‌ಬುಕ್ಕಿನಲ್ಲಿರುವ ದುಡ್ಡು ಮಗನ ಹೆಸರಿಗೆ ತಾನಾಗಿ ಬರುವುದಿಲ್ಲ, ವಾರಸಾ ಮಾಡಿಸಬೇಕು ಅಂದರು ಕಾಕಾ. ಈ ಸಂಗತಿಯನ್ನು ಮರಿ ಥೀಮಿನ ಪಾಠ ಹೇಳುವವರು ಮೊದಲ ಪುಟದಲ್ಲೇ ದೊಡ್ಡಕ್ಷರದಲ್ಲಿ ಬರೆಯಬೇಕು ಎಂಬುದು ನನ್ನ ತಕರಾರು. ಅರ್ಧ ಮಂದಿ ಮರಿ ಥೀಮಿನ ಸಹವಾಸವೇ ಬೇಡವೆಂದು ಓಡುವುದು ಈ ಒಂದು ಗಳಿಗೆಯಲ್ಲಿ.

ಬಸವ ಜಯಂತಿ ಹೇಗೋ ದಾಟಿತು. ಚಪ್ಪಲಿ ಮಾರಿದವು. ನನ್ನ ನಿಜವಾದ ಕಥೆ ಶುರುವಾಗುವುದು ಅಲ್ಲಿಂದ ಮುಂದೆ.

ಮರಿ ಥೀಮು ಮಾಡುವುದು ಅರ್ಧ ತಾಸಿನ ಕೆಲಸ. ಅದರೊಳಗೆ ಸಾಮಾನು ಹೊಂದಿಸುವುದು ಸಂಸಾರ. ನಾನು ಮದುವೆಯಾಗಿ ಬಂದಾಗ ಅತ್ತೆಯವರ ಅಡುಗೆಮನೆಯ ಡಬ್ಬಿಗಳನ್ನು ನನ್ನ ಅನುಕೂಲಕ್ಕೆ ಜರುಗಿಸಿ ಒಂದು ವಾರ ಮಾತು ಕೇಳಿದ್ದೆ. ಆಮೇಲೆ ಜಾಣಳಾಗಿ ಮೂಲೆಯ ಒಂದು ಮಾಡವನ್ನು ನನ್ನದು ಮಾಡಿಕೊಂಡೆ. ಆರು ತಿಂಗಳಲ್ಲಿ ಆ ಮಾಡದಲ್ಲಿ ಶೇಂಗಾ ಹಿಂಡಿಯ ಪಕ್ಕ ಸೂಜಿ-ದಾರ, ಅದರ ಹಿಂದೆ ಮಗುವಿನ ಜ್ವರದ ಔಷಧ, ಕರೆಂಟ್ ಬಿಲ್ಲು, ಯಾರದೋ ಮದುವೆ ಕಾರ್ಡು. ನನ್ನ ಮರಿ ಥೀಮಿನ 'ಫಂಕ್ಷನ್ಸ್ ಡಾಟ್ ಪಿಎಚ್‌ಪಿ' ಎಂಬ ಫೈಲೂ ಹಾಗೇ ಆಯಿತು. ಮೇಲಿನಿಂದ ಕೆಳಗೆ ಒಂಬೈನೂರು ಸಾಲು. ಆರ್ಡರ್ ಬಂದರೆ ಮಾಲೀಕರಿಗೆ ಮೆಸೇಜ್ ಕಳಿಸುವ ತುಣುಕು, ಅದರ ಕೆಳಗೆ ಫಾಂಟ್ ತರುವ ತುಣುಕು, ಅದರ ಕೆಳಗೆ ಯಾಕೆ ಬರೆದೆನೆಂದು ನನಗೇ ನೆನಪಿಲ್ಲದ ಹದಿನಾಲ್ಕು ಸಾಲು. ತೆಗೆಯಲು ಧೈರ್ಯವಿಲ್ಲ, ಇಟ್ಟುಕೊಳ್ಳಲು ಕಾರಣವಿಲ್ಲ.

ಒಂದು ದಿನ ಅಲ್ಲೇ ಕೊನೆಗೆ ಒಂದು ಅರ್ಧವಿರಾಮ ಚಿಹ್ನೆ ಮರೆತೆ. ಇಡೀ ಅಂಗಡಿ ಮುಚ್ಚಿತು. ಇಂಥ ಹೊತ್ತಿಗೆ ಸೈಟಿನ ಆಡಳಿತದ ಇಮೇಲಿಗೆ ಒಂದು ಪತ್ರ ಬಂದು, ಒಳಗೆ ಹೋಗಲು ಹಿಂಬಾಗಿಲಿನ ಕೀಲಿ ಸಿಗುವ ವ್ಯವಸ್ಥೆ 2019ರಿಂದ ಇದೆ. ಪತ್ರ ಬಂದಿತ್ತು, ಸುಳ್ಳಲ್ಲ. ಮಾಲೀಕರು ಎಂದೋ ಮಾಡಿಸಿ ಪಾಸ್‌ವರ್ಡ್ ಮರೆತ ವಿಳಾಸಕ್ಕೆ.

ಅವತ್ತು ಗೋಡೆಯ ಬಳಿ ಕಾಕಾರಿಗೆ ಲ್ಯಾಪ್‌ಟಾಪನ್ನೇ ತಂದು ತೋರಿಸಿದೆ. ಒಂಬೈನೂರು ಸಾಲನ್ನೂ ಜಾರಿಸಿ ನೋಡಿದರು. ಒಂದು ಅಕ್ಷರವೂ ತಿಳಿಯಲಿಲ್ಲ, ರೋಗ ಮಾತ್ರ ತಿಳಿಯಿತು.

"ಷರಾ ಎಲ್ಲೈತಿ?"

"ಷರಾ?"

"ಯಾವಾಗ ಬದಲ ಆತು, ಯಾರ ಹೇಳಿದ್ರು, ಯಾಕ ಆತು. ಉತಾರದಾಗ ಒಂದು ಗುಂಟೆ ಹಿಂದ ಮುಂದ ಆದ್ರೂ ಮಗ್ಗಲದಾಗ ನಂಬರ ಹಾಕಿ ಷರಾ ಬರೀತೀವಿ. ಷರಾ ಇಲ್ಲದ ಬದಲಾವಣಿ ಅಂದ್ರ ಕಳವು."

ಬಯ್ಗುಳದ ಹಾಗಿತ್ತು. ಆದರೆ ಆ ಹದಿನಾಲ್ಕು ಸಾಲನ್ನು ನೋಡಿದಾಗ ನನಗೂ ಕಳವಿನ ಮಾಲು ಮನೆಯಲ್ಲಿಟ್ಟುಕೊಂಡ ಭಾವನೆಯೇ ಇತ್ತು.

"ಇನ್ನೊಂದು," ಅಂದರು. "ನಾ ರಾಯಬಾಗದಾಗ ಇದ್ದಾಗ ಹಳೇ ದಫ್ತರ ಬಿಚ್ಚಿದ್ರ ಮೋಡಿ ಲಿಪಿ. ಯಾಕಂದ್ರ ರಾಯಬಾಗ ಮೊದಲ ಕೊಲ್ಹಾಪುರ ಸಂಸ್ಥಾನದ್ದು. 1949ರಾಗ ಮುಂಬೈ ಪ್ರಾಂತಕ್ಕ ಸೇರಿತು. 1956ರಾಗ ಮೈಸೂರ ರಾಜ್ಯಕ್ಕ ಬಂತು. ರಾಜ್ಯ ಬದಲಾತು, ಲಿಪಿ ಬದಲಾತು, ಕಚೇರಿ ಬೋರ್ಡ್ ಬದಲಾತು. ಹೊಲ ಎಲ್ಲಿತ್ತೋ ಅಲ್ಲೇ. ಹೊಲದ ಕಾಗದ ಹೊಲದ ಬೆನ್ನ ಹತ್ತಿ ಬಂತು. ಖುರ್ಚಿ ಕಚೇರಿದು, ಕಾಗದ ಜಮೀನಿಂದು. ನಿನ್ನ ಈ ದಫ್ತರದಾಗ ಖುರ್ಚಿ ಯಾವುದು, ಕಾಗದ ಯಾವುದು?"

ಕರಿಬೇವು ಕೈಯಲ್ಲೇ ಉಳಿಯಿತು. ಈ ಪ್ರಶ್ನೆಯನ್ನು ನನಗೆ ಯಾವ ವಿಡಿಯೋ ಪಾಠವೂ ಇಷ್ಟು ನೇರವಾಗಿ ಕೇಳಿರಲಿಲ್ಲ.

ರಾತ್ರಿ ಮಗು ಮಲಗಿದ ಮೇಲೆ ಒಂಬೈನೂರು ಸಾಲನ್ನೂ ಈ ಒಂದೇ ಜರಡಿಯಲ್ಲಿ ಸೋಸಿದೆ. ನಾಳೆ ಅಂಗಡಿಯವರು ಈ ಥೀಮೇ ಬೇಡ, ಬೇರೆ ಹಾಕು ಅಂದರೆ ಈ ತುಣುಕು ಉಳಿಯಬೇಕೋ ಹೋಗಬೇಕೋ? ಅಥಣಿ ಅಂಗಡಿಗೆ ದೂರದ ಗಿರಾಕಿಗಳು ಹಾಳೆಯ ಮೇಲೆ ಪಾದವಿಟ್ಟು ಸುತ್ತ ಗೆರೆ ಎಳೆದು ಫೋಟೊ ಕಳಿಸುತ್ತಾರೆ. ಆ ಫೋಟೊ ತಗೊಳ್ಳುವ ಪೆಟ್ಟಿಗೆ ಉಳಿಯಬೇಕು. ಕಾಪಶಿ, ಕಚಕಡಿ, ಬಕ್ಕಲನಾಳಿ, ಪುಕಾರಿ ಅಂತ ಚಪ್ಪಲಿಯ ಜಾತಿವಾರು ವಿಂಗಡಣೆ ಉಳಿಯಬೇಕು. ಆರ್ಡರಿನ ಮೆಸೇಜು ಉಳಿಯಬೇಕು. ಇವೆಲ್ಲ ಜಮೀನಿನ ಕಾಗದ. ಇವುಗಳಿಗೆ ಮರಿ ಥೀಮು ಜಾಗವೇ ಅಲ್ಲ. ಇವನ್ನು ಒಂದು ಸಣ್ಣ ಪ್ಲಗಿನ್ ಮಾಡಿ ಬೇರೆ ಇಟ್ಟೆ; ಥೀಮು ಯಾವುದೇ ಬರಲಿ, ಅದು ತನ್ನ ಪಾಡಿಗೆ ನಡೆಯುತ್ತದೆ. ಬಣ್ಣ, ಫಾಂಟು, ತಲೆಪಟ್ಟಿ, ಪುಟದ ಅಡಿಯ ವಿಳಾಸದ ಪೆಟ್ಟಿಗೆ, ಇವು ಖುರ್ಚಿ-ಮೇಜು. ಇವು ಮರಿ ಥೀಮಿನಲ್ಲಿರಲಿ. ಸೋಸಿ ಮುಗಿಸಿದಾಗ ಒಂಬೈನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಗದವೇ ಇತ್ತು. ಇಷ್ಟು ದಿನ ಹೊಲದ ಕಾಗದವನ್ನೆಲ್ಲ ಖುರ್ಚಿಯ ದಿಂಬಿನೊಳಗೆ ಹೊಲಿದಿಟ್ಟಿದ್ದೆ ಅಂದ ಹಾಗಾಯಿತು.

ಉಳಿದ ಖುರ್ಚಿ-ಮೇಜುಗಳನ್ನು ಜೋಡಿಸಿದ್ದು ಹೀಗೆ. ಫಂಕ್ಷನ್ಸ್ ಫೈಲನ್ನು ಬರೀ ಹಾಜರಿ ಪುಸ್ತಕ ಮಾಡಿದೆ, ಹತ್ತು-ಹನ್ನೆರಡು ಸಾಲು. ಇಂಥ ಫೈಲನ್ನು ಕರೆ, ಇಂಥದ್ದನ್ನು ಕರೆ, ಅಷ್ಟೇ. ಕರೆಸಿಕೊಳ್ಳುವ ಫೈಲುಗಳು 'ಇಂಕ್' ಎಂಬ ಒಳಫೋಲ್ಡರಿನಲ್ಲಿ, ಕೆಲಸಕ್ಕೊಂದು ಹೆಸರಿನಲ್ಲಿ. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದು ಎದ್ದದ್ದು. ಫೈಲಿನ ದಾರಿ ಹೇಳಲು ವರ್ಡ್‌ಪ್ರೆಸ್ಸಿನಲ್ಲಿ ಎರಡು ಮಾತಿವೆ. 'ಟೆಂಪ್ಲೇಟ್ ಡೈರೆಕ್ಟರಿ' ಅಂದರೆ ಅದು ತಾಯಿಯ ಮನೆಗೆ ಹೋಗುತ್ತದೆ, 'ಸ್ಟೈಲ್‌ಶೀಟ್ ಡೈರೆಕ್ಟರಿ' ಅಂದರೆ ಮರಿಯ ಮನೆಗೆ ಬರುತ್ತದೆ. ಮೊದಲನೆಯದನ್ನು ಬರೆದು, ತಾಯಿಯ ಮನೆಯಲ್ಲಿ ನನ್ನ ಫೈಲು ಯಾಕಿಲ್ಲ ಅಂತ ಒಂದು ಮಧ್ಯಾಹ್ನವೆಲ್ಲ ಹುಡುಕಿದ್ದೇನೆ. ತವರಲ್ಲಿ ಬಿಟ್ಟು ಬಂದ ವಸ್ತುವನ್ನು ಗಂಡನ ಮನೆಯಲ್ಲಿ ಹುಡುಕುವುದು ನನಗೆ ರೂಢಿಯಿದೆ. ಇದು ಅದರ ಉಲ್ಟಾ.

ಬಣ್ಣ-ಅಳತೆಯ ಸಿಎಸ್‌ಎಸ್ಸನ್ನೂ ಒಡೆದೆ. ಒಬ್ಬರು ಬಲ್ಲವರು ಇಪ್ಪತ್ತೇಳು ತುಂಡು ಮಾಡು ಅಂದರು. ನಮ್ಮ ಅಂಗಡಿಯ ಗಾತ್ರಕ್ಕೆ ಐದು ಸಾಕು. ಇಪ್ಪತ್ತೇಳು ಡಬ್ಬಿಯಲ್ಲಿ ಜೀರಿಗೆ ಹುಡುಕುವಷ್ಟರಲ್ಲಿ ಒಗ್ಗರಣೆ ಸೀಯುತ್ತದೆ. ಐದರಲ್ಲಿ ಮೊದಲನೆಯದಕ್ಕೆ 'ಅಕ್ಷರ' ಅಂತಲೇ ಹೆಸರು, ಅದೇ ನನ್ನ ಮುದ್ದಿನ ಫೈಲು. ತಾಯಿ ಥೀಮು ಇಂಗ್ಲಿಷಿನವರು ಇಂಗ್ಲಿಷಿಗೆ ಮಾಡಿದ್ದು. ಶೀರ್ಷಿಕೆಗಳಲ್ಲಿ ಸಾಲಿನ ಎತ್ತರ ಅಕ್ಷರದ 1.1 ಪಟ್ಟು. 'ಅಥಣಿಯ ಅಪ್ಪಟ ಚಪ್ಪಲಿ' ಎಂದು ಬರೆದು ಅದು ಎರಡು ಸಾಲಿಗೆ ಮುರಿದರೆ, ಮೇಲಿನ 'ಅಪ್ಪಟ'ದ ಪ ಒತ್ತು ಕೆಳಗಿನ 'ಚಪ್ಪಲಿ'ಯ ನೆತ್ತಿಗೆ ಕುಟ್ಟುತ್ತದೆ. ನಮ್ಮ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು ಇರುತ್ತದೆ, ಕಾಲಡಿ ಒತ್ತು ತೂಗುತ್ತದೆ, ಎರಡಕ್ಕೂ ಜಾಗ ಬೇಕು. 1.5 ಮಾಡಿದೆ, ಉಸಿರಾಡಿತು. ಇನ್ನೊಂದು ಕಡೆ ಅವರು ಅಕ್ಷರ-ಅಕ್ಷರದ ನಡುವೆ ಸಂದು ಬಿಟ್ಟಿದ್ದರು. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅದು ಠೀವಿ. ಕನ್ನಡದಲ್ಲಿ ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತದೆ. ಸೊನ್ನೆ ಮಾಡಿದೆ. ನಿಪ್ಪಾಣಿಯ ಬಟ್ಟೆ ಅಂಗಡಿಗೆ ಕನ್ನಡ-ಮರಾಠಿ ಎರಡೂ ಬೇಕಿತ್ತು, ಅಲ್ಲಿಗೂ ಈ ಫೈಲೇ ಹೋಯಿತು. ದೇವನಾಗರಿಗೆ ಒಂದು ಸಾಲು ಸೇರಿಸಿದ್ದು ಬಿಟ್ಟರೆ ಬದಲಿಲ್ಲ. ಸರಿಯಾಗಿ ಹೊಂದಿಸಿಟ್ಟ ಡಬ್ಬಿಯನ್ನು ಎರವಲು ಕೊಡುವುದು ಸುಲಭ ಎಂದು ಆಗ ಗೊತ್ತಾಯಿತು.

ಎಲ್ಲ ಸರಿಯಾಯಿತು ಅನ್ನುವಾಗ ಅಥಣಿ ಅಂಗಡಿಯ 'ಖರೀದಿಸಿ' ಗುಂಡಿ ಕೆಂಪಾಯಿತು. ಅಂಥಿಂಥ ಕೆಂಪಲ್ಲ, ಜಾತ್ರೆಯ ಬೆಂಡು-ಬತ್ತಾಸಿನ ಅಂಗಡಿಯ ಕೆಂಪು. ಫೈಲಿನಲ್ಲಿ ಕಂದು ಅಂತಿದೆ, ಪರದೆಯ ಮೇಲೆ ಕೆಂಪು. ಹೊಸ ಬಣ್ಣ ಬರೆದೆ, ಕೆಂಪು. ಕ್ಯಾಶ್ ತೊಳೆದೆ, ಕೆಂಪು. ಎರಡು ದಿನದ ಮೇಲೆ ಸಿಕ್ಕಿತು. ಮಾಲೀಕರ ಅಳಿಯ ರಾತ್ರಿ ಕೂತು, ಸೆಟ್ಟಿಂಗಿನ 'ಅಡಿಷನಲ್ ಸಿಎಸ್‌ಎಸ್' ಎಂಬ ಪೆಟ್ಟಿಗೆಯಲ್ಲಿ ಒಂದು ಸಾಲು ಬರೆದಿದ್ದಾನೆ. 2016ರ ಕೊನೆಯಲ್ಲಿ 4.7ನೇ ಆವೃತ್ತಿಯೊಡನೆ ಬಂದ ಪೆಟ್ಟಿಗೆ ಅದು. ಅಲ್ಲಿ ಬರೆದದ್ದು ಫೈಲಿನಲ್ಲಿ ಕಾಣುವುದಿಲ್ಲ, ಡೇಟಾಬೇಸಿನಲ್ಲಿ ಕೂರುತ್ತದೆ; ಪುಟದಲ್ಲಿ ನಮ್ಮ ಫೈಲುಗಳ ನಂತರ ಬರುತ್ತದೆ, ಹಾಗಾಗಿ ಕೊನೆಯ ಮಾತು ಅದರದೇ. ಸಾಲದೆಂದು ಆಶ್ಚರ್ಯಚಿಹ್ನೆ ಹಾಕಿ 'ಇಂಪಾರ್ಟೆಂಟ್' ಅಂತಲೂ ಬರೆದಿದ್ದ. ಹಾಗೆ ಬರೆದರೆ ಬ್ರೌಸರು ಉಳಿದೆಲ್ಲರ ಬಾಯಿ ಮುಚ್ಚಿಸಿ ಆ ಸಾಲಿನ ಮಾತನ್ನೇ ಕೇಳುತ್ತದೆ. ಅದನ್ನು ಮೀರಬೇಕೆಂದರೆ ನಾನೂ ಇಂಪಾರ್ಟೆಂಟ್ ಬರೆಯಬೇಕು, ಅವನಿಗಿಂತ ಬಿಗಿಯಾಗಿ.

ಕಾಕಾ ನಕ್ಕರು. "ನಮ್ಮ ಕಚೇರ್ಯಾಗ ಒಬ್ಬ ಕ್ಲರ್ಕ ಇದ್ದ. ಪ್ರತಿ ಫೈಲಿಗೂ 'ಜರೂರ' ಅಂತ ಕೆಂಪ ಚೀಟಿ ಹಚ್ಚಾಂವ. ಕಡೀಕ ಖರೇ ಜರೂರ ಬಂದಾಗ 'ಅತಿ ಜರೂರ' ಅಂತ ಚೀಟಿ ಮಾಡಿಸಿದ. ನಾ ಬದಲಿ ಆಗಿ ಹೋಗೂ ಹೊತ್ತಿಗೆ 'ಅತಿ ಅತಿ ಜರೂರ' ನಡದಿತ್ತು."

ಅಳಿಯನಿಗೆ ನಾನು ಬಯ್ಯಲಿಲ್ಲ. ಬಯ್ದರೆ ದೊಡ್ಡ ಸುದ್ದಿ. ಅವನ ಸಾಲನ್ನು ತಂದು ಅಂಗಡಿಯ ಸಿಎಸ್‌ಎಸ್ ಫೈಲಿನೊಳಗೆ ಇಟ್ಟು, ಪಕ್ಕದಲ್ಲಿ ಷರಾ ಬರೆದೆ: 'ಅಳಿಯಂದಿರ ಅಪೇಕ್ಷೆ, ಫೋನಿನಲ್ಲಿ ಒಪ್ಪಿದ್ದು, ತಾರೀಖು ಇಷ್ಟು. ಕೆಂಪು ಕಮ್ಮಿ ಮಾಡಿದ್ದು ನಾನು.' ಆ ಪೆಟ್ಟಿಗೆಯನ್ನು ಖಾಲಿ ಮಾಡಿ ಅದರೊಳಗೆ ಒಂದೇ ಸಾಲು ಬಿಟ್ಟೆ: 'ಇಲ್ಲಿ ಬರೆಯಬ್ಯಾಡ್ರಿ, ಫೋನ್ ಹಚ್ಚ್ರಿ.'

ಇನ್ನೊಂದು ಪೇಚು ಉಂಟು. ಮೊದಲಿನ ದಿನಗಳಲ್ಲಿ ತಲೆಪಟ್ಟಿಯಲ್ಲಿ ಒಂದು ಗೆರೆ ಸೇರಿಸಲು ತಾಯಿಯ 'ಹೆಡರ್' ಫೈಲನ್ನೇ ಇಡಿಯಾಗಿ ನಕಲು ಮಾಡಿ ಮರಿಯ ಫೋಲ್ಡರಿಗೆ ತಂದಿದ್ದೆ. ಮರಿಯಲ್ಲಿದ್ದರೆ ಮರಿಯದೇ ನಡೆಯುತ್ತದಲ್ಲ. ಆಮೇಲೆ ತಾಯಿ ತನ್ನ ಹೆಡರಿನಲ್ಲಿ ಮೊಬೈಲ್ ಮೆನುವಿನ ದೋಷ ತಿದ್ದಿಕೊಂಡಳು. ನನ್ನ ನಕಲು ಹಳೆಯ ದೋಷವನ್ನೇ ಅಪ್ಪಿಕೊಂಡು ಕೂತಿತು. ಅಪ್‌ಡೇಟ್ ಹಾಕಿದರೂ ದೋಷ ಹೋಗಲಿಲ್ಲವೆಂದು ಥೀಮು ಮಾಡಿದವರನ್ನು ಮನಸ್ಸಿನಲ್ಲೇ ಎಷ್ಟು ಶಪಿಸಿದೆನೋ. ಎರಡು ವರ್ಷದ ಹಿಂದೆ ತೆಗೆದ ಉತಾರದ ನಕಲು ಹಿಡಿದು ಬ್ಯಾಂಕಿಗೆ ಹೋದರೆ ಹೊರಗೆ ಕಳಿಸುತ್ತಾರೆ, ನಡುವೆ ಏನೇನು ಬದಲಾಗಿದೆಯೋ ಯಾರಿಗೆ ಗೊತ್ತು. ಅಂಗಡಿ ನಡೆಸುವ ವೂಕಾಮರ್ಸ್ ಈ ವಿಷಯದಲ್ಲಿ ಪುಣ್ಯವಂತ. ತನ್ನ ಪ್ರತಿ ಟೆಂಪ್ಲೇಟಿನ ತಲೆಯಲ್ಲೂ ಆವೃತ್ತಿಯ ಸಂಖ್ಯೆ ಬರೆದಿರುತ್ತದೆ. ನಾವು ಮಾಡಿಕೊಂಡ ನಕಲು ಹಳತಾದರೆ ಸ್ಟೇಟಸ್ ಪುಟದಲ್ಲಿ ಹೆಸರು ಹಿಡಿದು ಹೇಳುತ್ತದೆ.

ಹೀಗಾಗಿ ಈಗ ನಕಲು ಮಾಡುವುದು ಕೊನೆಯ ಉಪಾಯ. ತಾಯಿ ಥೀಮು ಮಾಡುವವರು ಅಲ್ಲಲ್ಲಿ 'ಹುಕ್' ಅಂತ ಬಿಟ್ಟಿರುತ್ತಾರೆ. ನಮ್ಮ ಹಳೆ ಮನೆಗಳ ಗೋಡೆಯಲ್ಲಿ ಗಿಳಿಗೂಟ ಇರುತ್ತಿದ್ದವಲ್ಲ, ಅದೇ. ಅಂಗಿ ತೂಗುಹಾಕಲು ಗೋಡೆಯನ್ನೇ ನಕಲು ಮಾಡಿ ಕಟ್ಟುವ ಮಂಡ ಯಾರಿದ್ದಾರೆ, ನಾನೊಬ್ಬಳನ್ನು ಬಿಟ್ಟು? 2025ರ ಜೂನಿನಲ್ಲಿ ಮಿಲಾನಿನ ಪ್ರಾಡಾ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ಮೆರೆದು ಗದ್ದಲವಾದಾಗಿನಿಂದ ನಮ್ಮ ಅಥಣಿ ಮಾಲೀಕರಿಗೆ ಒಂದೇ ಹಟ: ಎಲ್ಲಕ್ಕೂ ಮೇಲೆ 'ಇದು ಜಿಐ ಪಡೆದ ಅಸಲಿ' ಅಂತ ಪಟ್ಟಿ ಓಡಬೇಕು. ಆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಬಂದದ್ದು 2019ರಲ್ಲಿ, ಎಂಟು ಜಿಲ್ಲೆಗಳಿಗೆ ಕೂಡಿ. ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು: ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಹೆಸರು ಕೊಲ್ಹಾಪುರದ್ದು, ಹೊಲಿಗೆ ಅಥಣಿ-ನಿಪ್ಪಾಣಿಯದೂ ಹೌದು. ಆ ಪಟ್ಟಿಯನ್ನು ಗಿಳಿಗೂಟಕ್ಕೆ ತೂಗುಹಾಕಿದೆ, ಎಂಟು ಸಾಲಿನಲ್ಲಿ. ತಾಯಿ ಥೀಮು ಅದಾದ ಮೇಲೆ ಮೂರು ಸಲ ಅಪ್‌ಡೇಟ್ ಆಯಿತು, ಪಟ್ಟಿ ಅಲ್ಲಾಡಲಿಲ್ಲ.

"ನಿನ್ನ ಈ ವರ್ಡ್‌ಪ್ರೆಸ್ಸಾದ್ರೂ ಯಾರ ಹಿಸ್ಸಾ?" ಅಂದರು ಕಾಕಾ ಒಂದು ದಿನ. ಕೀಟಲೆಗೆ ಕೇಳಿದ್ದು. ಆದರೆ ಉತ್ತರ ಇದೆ. ಮೊದಲು ಬಿ2 ಎಂಬ ಒಂದು ತಂತ್ರಾಂಶ ಇತ್ತು, ಮಾಡಿದವನು ಅದನ್ನು ಮುಂದುವರಿಸಲಿಲ್ಲ. ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಇಬ್ಬರೂ ಸೇರಿ ಅದರಿಂದ ಒಡೆದು 2003ರಲ್ಲಿ ವರ್ಡ್‌ಪ್ರೆಸ್ ಕಟ್ಟಿದರು. ಅದು ಮರಿಯಲ್ಲ, ಅದಕ್ಕೆ ಫೋರ್ಕ್ ಅನ್ನುತ್ತಾರೆ. ಫೋರ್ಕ್ ಅಂದರೆ ಪಾಲಾಗಿ ಬೇರೆ ಮನೆ ಮಾಡಿದ ಹಾಗೆ. ಹಳೆ ಮನೆಯಲ್ಲಿ ಏನಾದರೂ ಇಲ್ಲಿಗೆ ಬಾಧೆಯಿಲ್ಲ, ಲಾಭವೂ ಇಲ್ಲ. ಮರಿ ಥೀಮು ಅಂದರೆ ಕೂಡು ಮನೆಯಲ್ಲೇ ಒಂದು ಮಾಡ ತನ್ನದು ಮಾಡಿಕೊಂಡ ಸೊಸೆ. ತಾಯಿಯ ಮನೆ ಬಿದ್ದರೆ ಮರಿಯೂ ಬಿತ್ತು. ತಾಯಿ ಥೀಮನ್ನು ಡಿಲೀಟ್ ಮಾಡಿ, 'ಮರಿ ಐತಲ್ಲ' ಅಂದವರನ್ನೂ ನಾನು ನೋಡಿದ್ದೇನೆ.

ಈಗ ದಫ್ತರ ಚೊಕ್ಕವಾಗಿದೆ. ಹಾಜರಿ ಪುಸ್ತಕ ಒಂದು, ಕೆಲಸದ ಫೈಲು ನಾಲ್ಕು, ಬಣ್ಣದ್ದು ಐದು, ಹೊರಗೆ ಪ್ಲಗಿನ್ನು ಒಂದು. ಪ್ರತಿ ತುಣುಕಿಗೂ ಷರಾ. ಆ ಹದಿನಾಲ್ಕು ಸಾಲನ್ನೂ ಧೈರ್ಯ ಮಾಡಿ ತೆಗೆದೆ. ಒಂದು ವಾರ ಕಾದೆ, ಯಾರೂ ಏನೂ ಕೇಳಲಿಲ್ಲ. ಯಾತಕ್ಕೆ ಬರೆದಿದ್ದೆನೋ ಇವತ್ತಿಗೂ ತಿಳಿದಿಲ್ಲ.

ನಿನ್ನೆ ಸಂಜೆ ಕಾಕಾರಿಗೆ ಇದನ್ನೆಲ್ಲ ತೋರಿಸಿದೆ. ಒಂದೊಂದೇ ಫೋಲ್ಡರಿನ ಮೇಲೆ ಬೆರಳಿಟ್ಟು ಕೇಳಿದರು, ತಪಾಸಣೆಗೆ ಬಂದ ತಹಶೀಲ್ದಾರರ ಗತ್ತಿನಲ್ಲಿ. ಕೊನೆಯ ಫೋಲ್ಡರಿಗೆ ಬೆರಳು ನಿಂತಿತು. ಅಲ್ಲಿ ನಾನು ಅವರಿಗೆ ಕಾಣಬಾರದೆಂದು ಕೆಳಗೆ ದೂಡಿದ್ದ ಫೈಲುಗಳು: 'ಹಳೇದು', 'ಹಳೇದು-2', 'ಫೈನಲ್', 'ಫೈನಲ್-ಖರೇ', 'ಫೈನಲ್-ಖರೇ-ಬಸವಜಯಂತಿ'.

"ಇವ್ಯಾಕ ಅದಾವು?"

"ತಗೀತೀನ್ರಿ ಕಾಕಾ. ಹಳೇದೆಲ್ಲಾ ಗಿಟ್ ಅಂತ ಒಂದರಾಗ ತಾರೀಖ ಪ್ರಕಾರ ಜಮಾ ಮಾಡೇನ್ರಿ. ಇವು ಸುಮ್ನ ಉಳದಾವು."

"ತಗೀಬ್ಯಾಡ ಸದ್ಯಕ್ಕ," ಅಂದರು, ದನಿ ತಗ್ಗಿಸಿ. ನಾಶ ಮಾಡುವ ಮಾತು ಬಂದರೆ ಯಾವ ತಲಾಠಿಯ ಮನಸ್ಸೂ ಒಪ್ಪುವುದಿಲ್ಲ, ಕಾಯಂ ಇಡುವ ಕಾಗದವೋ ಅವಧಿ ಮುಗಿದದ್ದೋ ಎಂದು ನೂರು ಸಲ ನೋಡುತ್ತದೆ. ಒಳಗೆ ಹೋಗಿ ಬಂದರು. ಕೈಯಲ್ಲಿ ಮಾಸಿದ ಒಂದು ಕೆಂಪು ಬಟ್ಟೆ, ದಫ್ತರ ಕಟ್ಟುವ ರುಮಾಲು. ನಾಲ್ಕೂ ಮೂಲೆಗೆ ಗಂಟಿನ ಸುಕ್ಕು ಇನ್ನೂ ಹಾಗೇ ಇತ್ತು.

"ತಗೋ."

"ಕಾಕಾ, ಇದು ಕಂಪ್ಯೂಟರಿನೊಳಗ ಐತ್ರಿ. ರುಮಾಲಾಗ ಹೆಂಗ ಕಟ್ಟೂದು?"

"ಅಷ್ಟ ಗೊತ್ತಾಗೂದಿಲ್ಲೇನ ಬೇ ನನಗ? ಮ್ಯಾಲ ನೋಡು, ಮುಗಲ ಕಪ್ಪ ಆಗೇತಿ. ಹಪ್ಪಳಾ ಮುಚ್ಚು."